ಲೋಟದ ಕೆಳಗಿನ ದಾಳ

ಜಯನಗರದ ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಐದು ಜನ ಸೇರಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕತೆ ಕಟ್ಟುವ ಆಟವನ್ನು ಆಡಲು ಶುರುಮಾಡಿದಾಗ, ನಿಯಮಪುಸ್ತಕ ನನ್ನ ಬಳಿ ಇದ್ದ ಒಂದೇ ಕಾರಣಕ್ಕೆ ಕತೆಯ ಲೋಕವನ್ನೂ ಉಳಿದ ಪಾತ್ರಗಳನ್ನೂ ನಡೆಸುವ ಗೇಮ್ ಮಾಸ್ಟರ್ ಹೊಣೆ ನನ್ನ ಹೆಗಲಿಗೆ ಬಿತ್ತು. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಟವನ್ನು ನಮ್ಮ ಪಾಳೆಯಗಾರರ ಕಾಲಕ್ಕೆ ಒಗ್ಗಿಸುವ ಹುಮ್ಮಸ್ಸಿನಲ್ಲಿ, ಎರಡು ವಾರ ಕೂತು, ನೆಲಮಾಳಿಗೆ, ದಿಡ್ಡಿಬಾಗಿಲುಗಳ ಸಮೇತ ಒಂದು ಗುಡ್ಡದ ಕೋಟೆಯ ನಕ್ಷೆ ಬರೆದೆ.

ಆಟಗಾರರು ಕೋಟೆಯ ಕಡೆ ತಲೆಹಾಕಲೇ ಇಲ್ಲ. ಕೋಟೆಗೆ ರಾಗಿ ಸಾಗಿಸುವ ಗಾಡಿಯವನನ್ನು ಸುಳ್ಳು ಹೇಳಿ ಹಿಂದಕ್ಕೆ ಕಳಿಸಿ, ಹಸಿವಿಗೆ ಪಾಳೆಯಗಾರನೇ ಕೆಳಗಿಳಿದು ಬರುವಂತೆ ಮಾಡುವುದು ಅವರ ಹೂಟ. ನಕ್ಷೆ ದಂಡವಾಗುವ ಸಂಕಟದಲ್ಲಿ, ಆಟಗಾರರಿಗೆ ಕಾಣದಂತೆ ಪರದೆಯ ಹಿಂದೆ ಗಾಡಿಯವನ ಪರವಾಗಿ ಎಸೆದ ಇಪ್ಪತ್ತು ಮುಖದ ದಾಳದಲ್ಲಿ ಬಿದ್ದ 4ನ್ನು ನಾನು 18 ಎಂದುಬಿಟ್ಟೆ. ನನ್ನ ಅಕ್ಕ ಮುಖ ನೋಡಿಯೇ ಕಂಡುಹಿಡಿದಳು: “ನೀನು ಅಂದುಕೊಂಡದ್ದೇ ಆಗೋದಾದ್ರೆ ನಮ್ಮ ಕೈಗೆ ದಾಳ ಯಾಕೆ ಕೊಟ್ಟೆಯೋ?”

ಮರುವಾರ ಪರದೆ ತೆಗೆದೆ. ಅಂದಿನಿಂದ ದಾಳ ಉರುಳುವ ಮೊದಲೇ ಎಷ್ಟು ಬೇಕು, ಸೋತರೆ ಏನಾಗುತ್ತದೆ ಎಂಬೆರಡನ್ನೂ ಹೇಳಿಬಿಡುತ್ತೇನೆ. ನಿಯಮದಲ್ಲಿ ಸಾಧಾರಣ ಕಷ್ಟದ ಕೆಲಸಕ್ಕೆ 15 ಬೇಕು. ಕೌಶಲದಿಂದ 3 ಕೂಡುವ ಪಾತ್ರಕ್ಕೆ ದಾಳದಲ್ಲಿ 12 ಅಥವಾ ಹೆಚ್ಚು ಬೀಳಬೇಕು, ಅಂದರೆ ಗೆಲ್ಲುವ ಸಾಧ್ಯತೆ ಶೇ. 45. ಸೋತರೆ ಗಾಡಿಯವನು ದಳವಾಯಿಗೆ ಸುದ್ದಿ ಮುಟ್ಟಿಸುತ್ತಾನೆ ಎಂದು ತಿಳಿದ ಮೇಲೆ ಮುಂದುವರಿಯುವುದೋ ಬಿಡುವುದೋ ಅವರಿಗೆ ಬಿಟ್ಟದ್ದು.

ಹಾಗೆಂದು ಎಲ್ಲವನ್ನೂ ಬಿಟ್ಟುಕೊಟ್ಟಿಲ್ಲ. ಕಣಜದಲ್ಲಿ ಎಷ್ಟು ದಿನದ ರಾಗಿ ಇದೆ, ದಳವಾಯಿಗೆ ಯಾರ ಮೇಲೆ ಅನುಮಾನ ಎಂಬುದನ್ನು ಆಟಕ್ಕೆ ಮೊದಲೇ ಬರೆದಿಟ್ಟು, ನಡುವೆ ತಿದ್ದುವುದಿಲ್ಲ. ಆಗದ ಕೆಲಸಕ್ಕೆ ದಾಳವನ್ನೂ ಕೊಡುವುದಿಲ್ಲ. ಮಾತಿನಲ್ಲೇ ಪಾಳೆಯಪಟ್ಟು ಬಿಡಿಸಿಕೊಳ್ಳಲು ಹೊರಟ ಗೆಳೆಯನೊಬ್ಬ “20 ಬಿದ್ದರೆ?” ಎಂದು ಪಟ್ಟುಹಿಡಿದ. ನಾವು ಆಡುವ 2014ರ ಐದನೇ ಆವೃತ್ತಿಯಲ್ಲಿ 20 ಬಿದ್ದ ಮಾತ್ರಕ್ಕೆ ಏಟು ತಾಗುತ್ತದೆಯೇ ಹೊರತು ಮಾತು ಗೆಲ್ಲುವುದಿಲ್ಲ ಎಂದೆ. ಅವನು ಅರ್ಧ ಗಂಟೆ ಮುನಿಸಿಕೊಂಡಿದ್ದ, ನಾನು ಮಣಿಯಲಿಲ್ಲ.

ಒಂದು ಬಗೆಯ ದಾಳ ಮಾತ್ರ ತೊಡಕಾಗಿಯೇ ಉಳಿಯಿತು. ಹೊಂಚುಹಾಕಿದವರು ಕಣ್ಣಿಗೆ ಬಿದ್ದರೇ ಎಂದು ನೋಡುವಾಗ ಎದುರಿಗೇ 3 ಬಿದ್ದರೆ, ಪಾತ್ರಕ್ಕೆ ಗೊತ್ತಿಲ್ಲದ ಅಪಾಯ ಆಟಗಾರನಿಗೆ ಗೊತ್ತಾಗಿಬಿಡುತ್ತದೆ. ಅದನ್ನು ಮುಚ್ಚಿ ಎಸೆಯಲು ಅಕ್ಕ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ದಾಳವನ್ನು ಮೇಜಿನ ನಡುವೆ ಸ್ಟೀಲ್ ಲೋಟದ ಕೆಳಗೆ ಉರುಳಿಸಬೇಕು, ನನ್ನನ್ನೂ ಸೇರಿಸಿ ಯಾರೂ ಮುಟ್ಟಬಾರದು, ಫಲ ತಿಳಿಯಬೇಕಾದ ಗಳಿಗೆ ಬಂದಾಗ ಲೋಟ ಎತ್ತುವುದು ಅವಳೇ.