ಮಳೆ ಹಿಡಿಯುವ ಮುನ್ನ ಮನೆಯಂಗಳದ ಮರಗಳ ಪರೀಕ್ಷೆ

ಮಲೆನಾಡಿನಲ್ಲಿ ಜೂನ್ ಮಳೆ ಹಿಡಿಯುವ ಮೊದಲೇ, ಮನೆ, ಕೊಟ್ಟಿಗೆ, ದಾರಿ ಅಥವಾ ವಿದ್ಯುತ್ ತಂತಿಯ ಮೇಲೆ ಬೀಳಬಹುದಾದ ಪ್ರತಿಯೊಂದು ಮರವನ್ನೂ ಬುಡದಿಂದ ತುದಿಯವರೆಗೆ ಸುತ್ತಿ ನೋಡಬೇಕು.

ಬುಡದ ಬಳಿಯೇ ಹೆಚ್ಚು ಹೊತ್ತು ನಿಲ್ಲಿರಿ. ಕಾಂಡದ ಬುಡದಲ್ಲಿ ಅಣಬೆ ಎದ್ದಿದ್ದರೆ ಒಳಗೆ ಕೊಳೆತಿರುವ ಸಾಧ್ಯತೆಯಿದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಪೊಟರೆಯಿರಬಹುದು. ಪೊಟರೆಯಿದ್ದ ಮಾತ್ರಕ್ಕೆ ಮರ ಬೀಳುತ್ತದೆಂದಲ್ಲ, ಸುತ್ತ ಉಳಿದಿರುವ ಗಟ್ಟಿ ಭಾಗದ ದಪ್ಪವೇ ಮುಖ್ಯ. ಆದರೆ ಹೊಸದಾಗಿ ವಾಲಿದ ಮರದ ಹಿಂಬದಿಯಲ್ಲಿ ಮಣ್ಣು ಉಬ್ಬಿ ಬಿರುಕು ಬಿಟ್ಟಿದ್ದರೆ ಬೇರು ಕೀಳುತ್ತಿದೆಯೆಂದೇ ತಿಳಿದು, ಅದರ ಕೆಳಗಿನ ಓಡಾಟವನ್ನು ಕೂಡಲೇ ನಿಲ್ಲಿಸಬೇಕು. ಮನೆಗಾಗಿಯೋ ರಸ್ತೆಗಾಗಿಯೋ ಧರೆ (ಗುಡ್ಡದ ಇಳಿಜಾರು) ಕಡಿದಾಗ ಬೇರು ತುಂಡಾದ ಮರಗಳು, ಹಸಿರಾಗಿ ಕಂಡರೂ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಅಪಾಯಕಾರಿ.

ಮೇಲೆ ಒಣಕೊಂಬೆ, ಕವಲಿನ ಸೀಳುಗಳನ್ನು ಗಮನಿಸಿರಿ. ಕೊಂಬೆ ಸವರಿದರೆ ಸಾಕಾಗುವಲ್ಲಿ ಮರವನ್ನೇ ಕಡಿಯುವುದು ಅನ್ಯಾಯ. ಕಡಿಯಲೇಬೇಕಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ಮೊದಲು ವಿಚಾರಿಸಿರಿ. ತಂತಿಯ ಪಕ್ಕದ ಕೊಂಬೆಯನ್ನಂತೂ ಮೆಸ್ಕಾಂನಂಥ ವಿದ್ಯುತ್ ಸರಬರಾಜು ಕಂಪನಿಯವರು ವಿದ್ಯುತ್ ಕಡಿತಗೊಳಿಸುವವರೆಗೆ ಯಾರೂ ಮುಟ್ಟಬಾರದು.