ತೇವಾಂಶ ಸೆನ್ಸರ್ ನೋಡಿ ಡ್ರಿಪ್ ನಡೆಸುವುದು ಹೇಗೆ?

ತೇವಾಂಶ ಸೆನ್ಸರ್ ತೋರಿಸುವ ಅಂಕಿಯನ್ನು ನಿಮ್ಮ ಹೊಲದ ಮಣ್ಣಿನೊಂದಿಗೆ ತಾಳೆ ನೋಡುವ ತನಕ ಅದಕ್ಕೆ ಅರ್ಥವಿಲ್ಲ. ಅಷ್ಟೇ ನೀರಿದ್ದರೂ ಮರಳು ಮಣ್ಣಿನಲ್ಲಿ ಒಂದು ಅಂಕಿ, ಜೇಡಿ ಮಣ್ಣಿನಲ್ಲಿ ಇನ್ನೊಂದು ಬರುತ್ತದೆ.

ರೆಸಿಸ್ಟಿವ್ ಸೆನ್ಸರ್ ಕೊಳ್ಳಬೇಡಿ. ಮಣ್ಣಿನೊಳಗೆ ವಿದ್ಯುತ್ ಹರಿದು ಅದರ ಕಡ್ಡಿಗಳು ಬೇಗ ಸವೆಯುತ್ತವೆ. ಲೋಹ ಮಣ್ಣಿಗೆ ತಾಗದಂತೆ ತೇವ ಅಳೆಯುವ ಕೆಪ್ಯಾಸಿಟಿವ್ ಬಗೆಯದು ಬಾಳುತ್ತದೆ, ಆದರೆ ಅಗ್ಗದ ಬೋರ್ಡುಗಳ ಅಂಚು ನೀರು ಹೀರುತ್ತದೆ. ಅಂಚಿಗೂ ಮೇಲ್ತುದಿಯ ಬಿಡಿಭಾಗಗಳಿಗೂ ಎಪಾಕ್ಸಿ ಅಂಟು ಬಳಿದು ಪೂರ್ತಿ ಒಣಗಿಸಿ. ಇಎಸ್‌ಪಿ32 (ಸೆನ್ಸರ್ ಓದಿ ವಾಲ್ವ್ ನಡೆಸುವ, ವೈ-ಫೈ ಇರುವ ಪುಟ್ಟ ಕಂಪ್ಯೂಟರ್) ಬೋರ್ಡ್ ಬಳಸುವುದಾದರೆ ಸೆನ್ಸರ್ ತಂತಿಯನ್ನು 32ರಿಂದ 35ರ ವರೆಗಿನ ಯಾವುದಾದರೂ ಪಿನ್ನಿಗೆ ಕೊಡಿ. ವೈ-ಫೈ ನಡೆಯುತ್ತಿರುವಾಗ ಎಡಿಸಿ-2ರ (ಸೆನ್ಸರ್ ವೋಲ್ಟೇಜನ್ನು ಅಂಕಿಯಾಗಿಸುವ ಎರಡನೇ ಭಾಗದ) ಪಿನ್ನುಗಳಿಂದ ಓದಲು ಆಗುವುದಿಲ್ಲ.

ತರಕಾರಿ ಸಾಲಿನಲ್ಲಿ ಡ್ರಿಪ್ಪರಿನಿಂದ 10–15 ಸೆಂ.ಮೀ. ದೂರದಲ್ಲಿ ಒಂದು ಸೆನ್ಸರನ್ನು 15 ಸೆಂ.ಮೀ. ಆಳಕ್ಕೆ, ಇನ್ನೊಂದನ್ನು 30 ಸೆಂ.ಮೀ. ಆಳಕ್ಕೆ ಇಡಿ. ಡ್ರಿಪ್ಪರಿನ ನೇರ ಕೆಳಗೆ ಇಟ್ಟರೆ ಯಾವಾಗಲೂ ಒದ್ದೆಯೆಂದೇ ತೋರಿಸುತ್ತದೆ. ಹೆಚ್ಚಿನವರು ಎಡವುವುದು ಹೂಳುವಾಗ. ಸೆನ್ಸರಿನ ಮೈಗೂ ಮಣ್ಣಿಗೂ ನಡುವೆ ಸ್ವಲ್ಪ ಗಾಳಿ ಉಳಿದರೂ ಅಂಕಿ ಒಣಗಿದೆ ಎನ್ನುತ್ತದೆ, ಡ್ರಿಪ್ಪಿಗೆ ನೀರು ಬಿಡುವ ವಾಲ್ವ್ ತೆರೆದೇ ಇರುತ್ತದೆ. ಅದೇ ಗುಂಡಿಯ ಮಣ್ಣನ್ನು ಕಲ್ಲು ತೆಗೆದು, ಕೆಸರಿನಂತೆ ಕಲಸಿ, ಸೆನ್ಸರ್ ಸುತ್ತ ಒತ್ತಿ ತುಂಬಿ.

ಈಗ ತಾಳೆ. ಆ ಜಾಗವನ್ನು ಪೂರ್ತಿ ನೆನೆಸಿ, ಪ್ಲಾಸ್ಟಿಕ್ ಮುಚ್ಚಿ. ಮರಳು ಮಣ್ಣಾದರೆ 24 ಗಂಟೆ, ಜೇಡಿಯಾದರೆ 48 ಗಂಟೆ ಕಳೆದ ಮೇಲೆ ಬರುವ ಅಂಕಿಯೇ ನಿಮ್ಮ ಮೇಲಿನ ಮಿತಿ. ಕೆಳಗಿನ ಮಿತಿಯನ್ನು ಗಿಡವೇ ಹೇಳುತ್ತದೆ. ನೀರು ನಿಲ್ಲಿಸಿ ತೇವದ ಗ್ರಾಫ್ ಗಮನಿಸಿ: ಹಗಲು ಇಳಿಯುತ್ತದೆ, ರಾತ್ರಿ ಸಮವಾಗಿರುತ್ತದೆ. ಬಿಸಿಲು ಅಷ್ಟೇ ಇದ್ದರೂ ಹಗಲಿನ ಇಳಿತ ಸಣ್ಣದಾಗತೊಡಗಿದರೆ ಬೇರಿಗೆ ನೀರು ಎಳೆಯುವುದು ಕಷ್ಟವಾಗುತ್ತಿದೆ ಎಂದರ್ಥ. ವಾಲ್ವ್ ತೆರೆಯುವ ಅಂಕಿ ಅದಕ್ಕಿಂತ ತುಸು ಮೇಲಿರಲಿ. ಅನೇಕ ಅಗ್ಗದ ಬೋರ್ಡುಗಳಲ್ಲಿ ತೇವ ಹೆಚ್ಚಿದಂತೆ ಕಚ್ಚಾ ಅಂಕಿ ಕಡಿಮೆಯಾಗುತ್ತದೆ. ಪ್ರೋಗ್ರಾಂ ಬರೆಯುವಾಗ ಇದು ಮರೆತರೆ ಎಲ್ಲವೂ ತಲೆಕೆಳಗು.

ನೀರು ಸೆನ್ಸರಿಗೆ ಇಳಿಯಲು ಹೊತ್ತು ಬೇಕು. ಅಂಕಿ ಮೇಲಿನ ಮಿತಿ ಮುಟ್ಟುವ ತನಕ ಒಂದೇ ಸಮನೆ ಬಿಟ್ಟರೆ ಮಿತಿ ದಾಟಿಹೋಗುತ್ತದೆ. 20 ನಿಮಿಷ ಬಿಟ್ಟು, 40 ನಿಮಿಷ ಕಾದು, ಮತ್ತೆ ಓದಿಸಿ. ಗಂಟೆಗೆ 4 ಲೀಟರಿನ ಡ್ರಿಪ್ಪರ್ 20 ನಿಮಿಷದಲ್ಲಿ ಸುಮಾರು 1.3 ಲೀಟರ್ ಕೊಡುತ್ತದೆ. ಪ್ರತಿ ಸಲವೂ 30 ಸೆಂ.ಮೀ. ಆಳದ ತೇವ ಏರುತ್ತಿದ್ದರೆ ಗೊಬ್ಬರದ ಸಾರವೂ ಬೇರಿನಿಂದ ಕೆಳಗೆ ಬಸಿದುಹೋಗುತ್ತಿರುತ್ತದೆ. ಬಿಡುವ ಅವಧಿ ಕಡಿಮೆ ಮಾಡಿ.

ವಿದ್ಯುತ್ ಹೋದರೆ ತಾನಾಗಿ ಮುಚ್ಚುವ ಸೊಲೆನಾಯ್ಡ್ (ವಿದ್ಯುತ್ ಕಾಯಿಲಿನಿಂದ ತೆರೆಯುವ) ವಾಲ್ವನ್ನೇ ಹಾಕಿ. 12 ವೋಲ್ಟಿನ ಡಿಸಿ ಕಾಯಿಲಿಗೆ ಅಡ್ಡಲಾಗಿ, ಪಟ್ಟೆಯ ತುದಿ ಧನ ತಂತಿಯ ಕಡೆ ಬರುವಂತೆ 1ಎನ್4007 ಡಯೋಡ್ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಜೋಡಿಸಿ. ಇಲ್ಲದಿದ್ದರೆ ಕಾಯಿಲ್ ಆಫ್ ಆಗುವಾಗಿನ ವೋಲ್ಟೇಜ್ ಹೊಡೆತ, ವಾಲ್ವಿಗೆ ವಿದ್ಯುತ್ ಕೊಟ್ಟು ನಿಲ್ಲಿಸುವ ಸ್ವಿಚ್ಚಾದ ರಿಲೇಯನ್ನು ಹಾಳುಮಾಡುತ್ತದೆ. ಎತ್ತರದ ತೊಟ್ಟಿಯಿಂದ ನೀರು ಇಳಿದು ಬರುವ ಕಡೆ ಸಾಮಾನ್ಯ ಸೊಲೆನಾಯ್ಡ್ ತೆರೆಯಲು ಒತ್ತಡ ಸಾಲದಿರಬಹುದು. ಅಲ್ಲಿ ಮೋಟಾರಿನ ಬಾಲ್ ವಾಲ್ವ್ ಸರಿ. ತಂತಿ ತುಂಡಾಗಿ ಅಂಕಿ ಮಿತಿಯಾಚೆ ಹೋದಾಗ ವಾಲ್ವ್ ಮುಚ್ಚುವಂತೆ, ದಿನಕ್ಕೊಂದು ಗರಿಷ್ಠ ಅವಧಿ ಮೀರದಂತೆ ಪ್ರೋಗ್ರಾಮಿನಲ್ಲೇ ಬರೆದಿಡಿ.

ರಸಗೊಬ್ಬರ ಬಿಟ್ಟ ಕೂಡಲೇ ಬರುವ ಅಂಕಿಯನ್ನು ನಂಬಬೇಡಿ, ಉಪ್ಪಿನಂಶವೂ ತೇವದಂತೆ ಕಾಣುತ್ತದೆ. ಉಳುಮೆಯ ನಂತರ ಸೆನ್ಸರನ್ನು ಹೊಸದಾಗಿ ಹೂತು ತಾಳೆ ಮತ್ತೆ ಮಾಡಿ.