ಕಾರ್ಬನ್ ಫೈಬರ್‌ಗೆ ಡೈಮಂಡ್ ಕೋಟಿಂಗ್ ಡ್ರಿಲ್, ನಮ್ಮ ಶಾಪಲ್ಲಿ ನಡೆಯೋ ರೀತಿ

ಕಾರ್ಬನ್ ಫೈಬರ್ ಪ್ಯಾನೆಲ್ (ಕಾರ್ಬನ್ ಎಳೆಗಳ ಪದರಗಳನ್ನ ರಾಳದಲ್ಲಿ ಅಂಟಿಸಿದ ಹಲಗೆ) ಕೊರೆಯೋವಾಗ ಅಲ್ಯೂಮಿನಿಯಂ ಥರ ಸುರುಳಿ ಚಿಪ್ ಬರಲ್ಲ, ಬರೀ ಕಪ್ಪು ಪುಡಿ, ಮಾಮೂಲಿ ಕಾರ್ಬೈಡ್ (ಟಂಗ್‌ಸ್ಟನ್ ಕಾರ್ಬೈಡ್ ಪುಡೀನ ಕೋಬಾಲ್ಟಲ್ಲಿ ಬೆಸೆದಿದ್ದು) ಡ್ರಿಲ್ಲಿನ ಅಂಚು ಈ ಫೈಬರ್‌ಗೆ ಉಜ್ಜಿ ಉಜ್ಜಿ ಬೇಗ ಮೊಂಡಾಗುತ್ತೆ, ಆಮೇಲೆ ಅದು ಕತ್ತರಿಸೋದು ಬಿಟ್ಟು ತಳ್ಳೋಕೆ ಶುರು ಮಾಡುತ್ತೆ, ಕೆಳಗಿನ ಪದರ ಬಿಟ್ಕೊಳ್ಳುತ್ತೆ. ಡಿಲ್ಯಾಮಿನೇಷನ್ ಅಂದ್ರೆ ಇದೇ. ಪೀಣ್ಯದಲ್ಲಿ ನಮ್ದು ಸಣ್ಣ ಶಾಪು, ಪ್ಯಾನೆಲ್ ರಿಜೆಕ್ಟ್ ಆದ್ರೆ ಡ್ರಿಲ್ ರೇಟಿಗಿಂತ ಎಷ್ಟೋ ಪಟ್ಟು ಲಾಸು, ಅದಕ್ಕೇ ಸಿವಿಡಿ (ಬಿಸಿ ಅನಿಲದಿಂದ ಪದರ ಬೆಳೆಸೋ ವಿಧಾನ) ಡೈಮಂಡ್ ಕೋಟಿಂಗ್ ಡ್ರಿಲ್ ಹಿಡಿದ್ವಿ.

ತರಿಸೋವಾಗ ನಾನು ಮೊದ್ಲು ಕೇಳೋದು ಒಳಗಿನ ಕಾರ್ಬೈಡಲ್ಲಿ ಕೋಬಾಲ್ಟ್ ಎಷ್ಟಿದೆ ಅಂತ. 6% ಆಸುಪಾಸು ಇರ್ಬೇಕು, ಮೇಲ್ಮೈಯಲ್ಲಿರೋ ಕೋಬಾಲ್ಟನ್ನ ಆಸಿಡ್ಡಲ್ಲಿ ತೆಗೆದಿರ್ಬೇಕು. ಇಲ್ಲಾಂದ್ರೆ ಕೋಟಿಂಗ್ ಬೆಳೆಯೋ ಬಿಸಿಗೆ ಡೈಮಂಡ್ ಬದಲು ಗ್ರಾಫೈಟ್ ಆಗುತ್ತೆ, ಪದರ ಸರಿಯಾಗಿ ಕಚ್ಕೊಳ್ಳಲ್ಲ.

6.35 ಎಂಎಂ ಹೋಲಿಗೆ ನಾನು ಸುಮಾರು 6000 ಆರ್‌ಪಿಎಂ, ಫೀಡು (ಡ್ರಿಲ್ ಒಳಗೆ ಇಳಿಯೋದು) ಒಂದು ಸುತ್ತಿಗೆ 0.04 ಎಂಎಂ ಇಡ್ತೀನಿ, ತುದಿ ಆಚೆ ಬರೋ ಮುಂಚೆ ಫೀಡು ಇನ್ನೂ ಇಳಿಸ್ತೀನಿ, ಯಾಕಂದ್ರೆ ಕೊನೇ ಒಂದೆರಡು ಪದರಕ್ಕೆ ಆಧಾರ ಇರಲ್ಲ. ಕೆಳಗೆ ಬ್ಯಾಕಪ್ ಶೀಟ್ ಕೊಟ್ಟು ಗಟ್ಟಿಯಾಗಿ ಕ್ಲ್ಯಾಂಪ್ ಮಾಡಿ. ಡ್ರಿಲ್ ಹಾಕಿದ್ಮೇಲೆ ಡಯಲ್ ಗೇಜ್ ಇಟ್ಟು ರನ್‌ಔಟ್ (ತಿರುಗೋವಾಗ ಡ್ರಿಲ್ ಎಷ್ಟು ಓಲಾಡುತ್ತೆ ಅನ್ನೋದು) ನೋಡ್ಲೇಬೇಕು, ಅಲುಗಾಡಿದ್ರೆ ಅಂಚಲ್ಲಿ ಕೋಟಿಂಗ್ ಚಕ್ಕೆ ಏಳುತ್ತೆ.

ಈ ಚಕ್ಕೆ ಏಳೋದೇ ದೊಡ್ಡ ತಲೆನೋವು. ಮಾಮೂಲಿ ಡ್ರಿಲ್ ನಿಧಾನಕ್ಕೆ ಸವೆಯುತ್ತೆ, ಸವೀತಿದೆ ಅಂತ ಗೊತ್ತಾಗುತ್ತೆ, ಇದು ಚೆನ್ನಾಗಿ ಓಡ್ತಾ ಓಡ್ತಾ ಇದ್ದಕ್ಕಿದ್ದಂಗೆ ಕೋಟಿಂಗ್ ಪದರ ಕಿತ್ಕೊಂಡು ಒಳಗಿನ ಕಾರ್ಬೈಡ್ ಬೆಳ್ಳಗೆ ಕಾಣುತ್ತೆ. ಅದಕ್ಕೆ ನಾನು ಆಗಾಗ ಡ್ರಿಲ್ ಬಿಚ್ಚಿ ಭೂತಗನ್ನಡೀಲಿ ಅಂಚಿನ ಮೂಲೆ ನೋಡ್ತೀನಿ, ಕಪ್ಪು ಬಣ್ಣದ ಮಧ್ಯೆ ಹೊಳೆಯೋ ಚುಕ್ಕೆ ಕಂಡ್ರೆ ಆ ಡ್ರಿಲ್ ಪಕ್ಕಕ್ಕೆ. ರೀಶಾರ್ಪ್ ಮಾಡಿಸ್ತೀನಿ ಅನ್ನೋರಿಗೆ, ಗ್ರೈಂಡ್ ಮಾಡಿದ್ರೆ ಅಂಚಿನ ಕೋಟಿಂಗೇ ಹೋಗುತ್ತೆ ಸ್ವಾಮಿ. ಇದೇ ಡ್ರಿಲ್ಲನ್ನ ಸ್ಟೀಲಿಗೂ ಹಾಕ್ಬೇಡಿ, ಬಿಸೀಲಿ ಕಬ್ಬಿಣ ಡೈಮಂಡನ್ನ ತಿಂದ್ಬಿಡುತ್ತೆ.

ಹೋಲ್ ಆದ್ಮೇಲೆ ಹಿಂದಿನ ಕಡೆ ಉಗುರಾಡಿಸಿ ನೋಡ್ತೀನಿ, ಎಳೆ ಸಿಕ್ಕಿದ್ರೆ ತಿಳಿಯುತ್ತೆ, ಆಮೇಲೆ ಸುತ್ತ ನಾಣ್ಯದಲ್ಲಿ ಮೆಲ್ಲಗೆ ತಟ್ಟೋದು. ಗಟ್ಟಿ ಜಾಗ ಟಣ್ ಅನ್ನುತ್ತೆ, ಪದರ ಬಿಟ್ಟಿರೋ ಕಡೆ ಸದ್ದು ಮಂಕು. ಸಣ್ಣದು ಇದ್ರಲ್ಲಿ ತಪ್ಪಿಸ್ಕೊಳ್ಳುತ್ತೆ, ಕಸ್ಟಮರ್ ಅಲ್ಟ್ರಾಸಾನಿಕ್ ಟೆಸ್ಟ್ (ಶಬ್ದ ತರಂಗ ಬಿಟ್ಟು ಒಳಗೆ ನೋಡೋದು) ಕೇಳಿದ್ರೆ ಅದನ್ನೇ ಮಾಡಿಸ್ಬೇಕು.

ಪುಡಿ ಬಗ್ಗೆ ಮಾತ್ರ ಹುಷಾರು, ಕಾರ್ಬನ್ ಪುಡೀಲಿ ಕರೆಂಟ್ ಹರಿಯುತ್ತೆ, ಮಷೀನಿನ ಕರೆಂಟ್ ಬೋರ್ಡ್ ಒಳಗೆ ಕೂತ್ರೆ ಶಾರ್ಟೇ. ಡ್ರಿಲ್ ಪಕ್ಕದಲ್ಲೇ ಹೆಪಾ ಫಿಲ್ಟರ್ (ನುಣ್ಣನೆ ಧೂಳನ್ನೂ ಹಿಡಿಯೋ ಫಿಲ್ಟರ್) ಇರೋ ವ್ಯಾಕ್ಯೂಮ್ ಬಾಯಿ ಇಟ್ಕೊಳ್ಳಿ, ಮಾಸ್ಕ್ ಹಾಕ್ಕೊಳ್ಳಿ, ಏರ್ ಗನ್ ಹಿಡ್ಕೊಂಡು ಊದೋ ಹುಡುಗರಿದ್ರೆ ಮೊದ್ಲು ಆ ಗನ್ ಕಿತ್ತಿಟ್ಕೊಳ್ಳಿ.